ನಾಲ್ಕು ಗಂಟೆಯ ಹಸಿವು, ಐದು ಗಂಟೆಯ ಟ್ಯೂಷನ್

ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಹತ್ತಿರದ ಬಡಾವಣೆಯೊಂದರಲ್ಲಿ ಆಹಾರ, ಆರೋಗ್ಯದ ಕೆಲಸ ಶುರು ಮಾಡಿದಾಗ ಮೊದಲ ಆರು ತಿಂಗಳು ನಾನು ಮಾಡಿದ್ದು ಬರೀ ಭಾಷಣ. ಒಂದು ದಿನ ಮಹಿಳಾ ಸಂಘದ ಸಭೆಯಲ್ಲಿ ಚಾರ್ಟ್ ಮಡಚಿಟ್ಟು ನಾನೇ ಪ್ರಶ್ನೆ ಕೇಳಿದೆ. ಉಪ್ಪು ದಿನಕ್ಕೆ ಎಷ್ಟು? "ಐದು ಗ್ರಾಂ ಒಳಗೆ ರೀ ಮೇಡಂ, ಒಂದು ಟೀ ಚಮಚ." ಕರಿದದ್ದು ಯಾಕೆ ಬೇಡ? ಅದಕ್ಕೂ ಸರಿ ಉತ್ತರ. ಅವರಲ್ಲಿ ಹೆಚ್ಚಿನವರ ಮನೆಯಲ್ಲಿ ಬಿಪಿಯೋ ಸಕ್ಕರೆ ಕಾಯಿಲೆಯೋ ಇದ್ದೇ ಇತ್ತು. ಗೊತ್ತಿಲ್ಲದೆ ತಿನ್ನುತ್ತಾರೆ ಅನ್ನೋ ನನ್ನ ಲೆಕ್ಕವೇ ತಪ್ಪಾಗಿತ್ತು.

ಆಮೇಲೆ ಹಿಡಿದದ್ದು ಸೋಷಿಯಲ್ ಮಾರ್ಕೆಟಿಂಗ್ ದಾರಿ. ವಾಟ್ಸಾಪ್ ಪ್ರಚಾರ ಅಂದುಕೊಳ್ಳಬೇಡಿ. 1971ರಲ್ಲಿ ಅಮೆರಿಕದ ಮಾರ್ಕೆಟಿಂಗ್ ಪ್ರಾಧ್ಯಾಪಕರಾದ ಫಿಲಿಪ್ ಕಾಟ್ಲರ್, ಜೆರಾಲ್ಡ್ ಝಾಲ್ಟ್‌ಮನ್ ಇದಕ್ಕೆ ಹೆಸರು ಕೊಟ್ಟರು. ಸರಕು, ಬೆಲೆ, ಸಿಗುವ ಜಾಗ, ಪ್ರಚಾರ ನಾಲ್ಕನ್ನೂ ವ್ಯಾಪಾರಿಯ ಹಾಗೆ ಗಿರಾಕಿಯ ಕಡೆಯಿಂದ ಯೋಚಿಸುವುದು, ಲಾಭ ಮಾತ್ರ ಜನರಿಗೆ ಸಿಗುವ ಹಾಗೆ. ನಮ್ಮ ದೇಶ ಅದಕ್ಕೂ ಮೊದಲೇ, 1968ರಲ್ಲಿ, ಚಹಾ ಪುಡಿ, ಸೋಪು ಮಾರುವ ಕಂಪನಿಗಳ ಮೂಲಕ ಸರ್ಕಾರಿ ಕಾಂಡೋಮ್ ಆದ ನಿರೋಧ್ ಅನ್ನು 15 ಪೈಸೆಗೆ ಮೂರರಂತೆ ಹಳ್ಳಿ ಅಂಗಡಿಗೂ ತಲುಪಿಸಿತ್ತು. ಜನ ದಿನಾ ಹೋಗುವ ಅಂಗಡಿಗೇ ನಾವೂ ಹೋಗಬೇಕು ಅನ್ನೋದು ನನಗೆ ಹೊಳೆದದ್ದು ಅಲ್ಲಿಂದ.

ನಮ್ಮಲ್ಲಿ ಆ ಅಂಗಡಿ ಮಂಡಕ್ಕಿಯದು. ಎರಡು ವಾರ ಸಂಜೆ ಅಲ್ಲೇ ಕೂತೆ. ನಾಲ್ಕು ಗಂಟೆಗೆ ಮಕ್ಕಳು ಶಾಲೆಯಿಂದ ಬರುತ್ತವೆ, ಹೊಲಿಗೆ ಮಷಿನ್ ಮೇಲೆ ಕೂತ ತಾಯಂದಿರಿಗೂ ಹಸಿವು, ರಾತ್ರಿ ಊಟ ಇನ್ನೂ ದೂರ. ಖಾರ ಮಂಡಕ್ಕಿ, ಜೊತೆಗೆ ಎರಡು ಮೆಣಸಿನಕಾಯಿ ಬಜ್ಜಿ ತಂದರೆ ಒಲೆ ಹಚ್ಚಬೇಕಿಲ್ಲ. ಇಷ್ಟು ಒಪ್ಪುವಂಥ ತಿನಿಸನ್ನು ಬಿಡಿ ಅನ್ನುವುದು ತಪ್ಪು. ಬಜ್ಜಿಯ ಜಾಗಕ್ಕೆ ಬೇರೆ ಏನಾದರೂ ಬರಬೇಕಿತ್ತು.

ಮೊಳಕೆ ಹೆಸರುಕಾಳು, ಈರುಳ್ಳಿ, ಸೌತೆಕಾಯಿ, ಹುರಿದ ಶೇಂಗಾ ಹಾಕಿ ಕೊಡಿ ಅಂದೆ. ಅಂಗಡಿಯವರು ನೇರವಾಗಿ ಕೇಳಿದರು: "ಉಳಿದ ಕಾಳು ಯಾರ ತಲೆ ಮೇಲೆ ಹಾಕ್ಲಿ?" ನ್ಯಾಯವಾದ ಮಾತು. ಸಂಘದ ಹೆಂಗಸರು ಮನೆಯಲ್ಲೇ ಮೊಳಕೆ ಕಟ್ಟಿ ಮೂರೂವರೆಗೆ ತಂದುಕೊಡುವುದು, ಉಳಿದದ್ದನ್ನು ವಾಪಸ್ ಒಯ್ಯುವುದು ಅಂತ ಮಾತಾಯಿತು. ಏಪ್ರಿಲ್ ಬಿಸಿಲಿಗೆ ಮೊದಲ ವಾರವೇ ಬಟ್ಟೆ ಬಿಚ್ಚಿದರೆ ಲೋಳೆ, ಹುಳಿ ವಾಸನೆ. ಎಲ್ಲಾ ಚೆಲ್ಲಿದೆವು. ಆಮೇಲೆ ದಿನಕ್ಕೆ ಎರಡು ಸಲ ತೊಳೆದು, ಸ್ವಲ್ಪ ಮೊಳಕೆ ಕಂಡ ತಕ್ಷಣ ಆವಿಯಲ್ಲಿ ಬೇಯಿಸಿ ಕಳಿಸಿದರು. ಕ್ಯಾರೆಟ್ ತುರಿ ಹಾಕೋಣ ಅಂದಾಗ ಅಂಗಡಿಯವರು ತಲೆ ಅಲ್ಲಾಡಿಸಿದರು: "ಸಿಹಿ ಆಗ್ತದೆ, ಮೇಡಂ." ತಾವೇ ಮಾವಿನಕಾಯಿ ಸಣ್ಣಗೆ ಹೆಚ್ಚಿ ಉದುರಿಸಿದರು. ಓಡಿದ್ದು ಆ ಮಾವಿನಕಾಯಿಯಿಂದ. ಬೋರ್ಡಿನಲ್ಲಿ ಆರೋಗ್ಯ ಅನ್ನೋ ಪದವನ್ನೂ ಅವರು ಬರೆಸಲಿಲ್ಲ, "ಪೇಷಂಟ್ ಊಟ ಅಂದ್ಕೋತಾರೆ" ಅಂದರು. ಬರೆದದ್ದು 'ಕಾಳು ಮಂಡಕ್ಕಿ'. ಬೆಲೆ ಮಂಡಕ್ಕಿ, ಬಜ್ಜಿ ಎರಡೂ ಸೇರಿದ್ದಕ್ಕಿಂತ ಕಡಿಮೆ ಇರಲೇಬೇಕು ಅಂತ ಹಟ ಹಿಡಿದದ್ದು ಮಾತ್ರ ನಾನು.

ನಡಿಗೆಯದು ಬೇರೆಯದೇ ಕಷ್ಟ. ಕುಂದುವಾಡ ಕೆರೆ ಏರಿಯ ಮೇಲೆ ಬೆಳಿಗ್ಗೆ ನಡೆಯಿರಿ ಅಂದರೆ ಆಗುವ ಮಾತಲ್ಲ. ಅದು ನೀರು ಹಿಡಿಯುವ, ಡಬ್ಬಿ ಕಟ್ಟುವ ಹೊತ್ತು. ಸೀರೆ ಮೇಲೆ ಶೂ ಹಾಕಲು ಸಂಕೋಚ ಬೇರೆ. ದಾರಿ ತೋರಿಸಿದ್ದು ಒಬ್ಬ ತಾಯಿ. ಸಂಜೆ ಐದಕ್ಕೆ ಮಕ್ಕಳನ್ನು ಟ್ಯೂಷನ್‌ಗೆ ಬಿಟ್ಟು ಹತ್ತಾರು ಹೆಂಗಸರು ಅದೇ ಮನೆ ಮೆಟ್ಟಿಲ ಮೇಲೆ ಒಂದು ತಾಸು ಕಾಯುತ್ತಿದ್ದರು. "ಕೂರೋ ಬದಲು ನಡೆದ್ರಾಯ್ತಲ್ಲ ಅಕ್ಕಾ," ಅಂದಳು. ದಿನಕ್ಕೆ ಅರ್ಧ ತಾಸು, ವಾರಕ್ಕೆ ಐದು ದಿನ ಅಂದರೆ ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಕನಿಷ್ಠ ಬೇಕು ಅನ್ನುವ 150 ನಿಮಿಷ ಅಲ್ಲೇ ಸಿಕ್ಕಿತು. ವೇಗಕ್ಕೆ ಒಂದೇ ಗುರುತು ಹೇಳಿಕೊಟ್ಟೆ: ಮಾತಾಡೋಕೆ ಬರಬೇಕು, ಹಾಡೋಕೆ ಆಗಬಾರದು. ಚಪ್ಪಲಿಯಲ್ಲೇ ನಡೆದರು. ಮಗುವನ್ನು ಕರೆಯಲು ಬಂದವಳಿಗೆ ಯಾರೂ ಏನೂ ಅನ್ನುವುದಿಲ್ಲ, ಅದೇ ದೊಡ್ಡ ಅನುಕೂಲ.

ಬಜ್ಜಿ ಈಗಲೂ ಮಾರಾಟವಾಗುತ್ತದೆ, ಭಾನುವಾರ ಹೆಚ್ಚು. ನನಗೆ ಇನ್ನೂ ಚಿಂತೆ ಇರುವುದು ಉಪ್ಪಿನದು. ಮಂಡಕ್ಕಿ ಹುರಿಯುವ ಮೊದಲೇ ಅಕ್ಕಿಗೆ ಉಪ್ಪು ಸೇರಿರುತ್ತದೆ, ಅಂಗಡಿಯಲ್ಲಿ ಮತ್ತೊಮ್ಮೆ ಬೀಳುತ್ತದೆ. ಅಂಗಡಿಯ ಉಪ್ಪು ನಿಲ್ಲಿಸಿ ನಿಂಬೆರಸ ಹೆಚ್ಚಿಸಿದ್ದೇವೆ. ಭಟ್ಟಿಯವರೊಬ್ಬರು ಒಂದು ಚೀಲವನ್ನು ಕಡಿಮೆ ಉಪ್ಪಿನಲ್ಲಿ ಹುರಿದು ಕೊಡಲು ಒಪ್ಪಿದ್ದಾರೆ. ಮೊದಲು ತಿಂದು ನೋಡುವವರು ಆ ಟ್ಯೂಷನ್ ಮೆಟ್ಟಿಲಿನ ತಾಯಂದಿರೇ.