ಮನೆಯ ಮೂರು ಕಂಪ್ಯೂಟರಿಗೆ ಆನ್‌ಲೈನ್ ಬ್ಯಾಕಪ್: ನಾನು ಆರಿಸಿಕೊಂಡ ಬಗೆ

ಬ್ಯಾಕಪ್ ಸೇವೆಗಳ ಜಾಹೀರಾತಿನಲ್ಲಿ ಎಷ್ಟು ಟಿಬಿ ಜಾಗ ಕೊಡುತ್ತೇವೆ ಅನ್ನೋದು ದಪ್ಪಕ್ಷರದಲ್ಲಿ ಇರುತ್ತದೆ. ನಿಮ್ಮ ಫೈಲನ್ನು ಯಾವಾಗ ಅಳಿಸಿಹಾಕುತ್ತೇವೆ ಅನ್ನೋದು ಎಲ್ಲೋ ಸಹಾಯ ಪುಟದ ಮೂಲೆಯಲ್ಲಿ. ನಾನು ಓದಲು ಶುರುಮಾಡಿದ್ದು ಆ ಮೂಲೆಯಿಂದ.

ಬೆಂಗಳೂರು ವಿಜಯನಗರದ ನಮ್ಮ ಮನೆಯಲ್ಲಿ ಮೂರು ಕಂಪ್ಯೂಟರ್. ಮಾವನವರ ಹಳೇ ಡೆಸ್ಕ್‌ಟಾಪಿನಲ್ಲಿ ಅವರು ನಿವೃತ್ತರಾದ ಮೇಲೆ 'ನುಡಿ' ಅನ್ನುವ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟ ಲೇಖನಗಳು. ನಮ್ಮ ಯಜಮಾನರ ಲ್ಯಾಪ್‌ಟಾಪಿನಲ್ಲಿ ಟ್ಯಾಲಿ ತಂತ್ರಾಂಶದಲ್ಲಿ ಬರೆದ ನಾಲ್ಕಾರು ಅಂಗಡಿಗಳ ಲೆಕ್ಕ. ನನ್ನ ಮ್ಯಾಕ್ ತುಂಬ ಫೋಟೊ, ಮಕ್ಕಳ ವಿಡಿಯೊ. ಎಲ್ಲ ಸೇರಿ ಒಂದು ಟಿಬಿಗೆ ಸ್ವಲ್ಪ ಮೇಲೆ.

"ಗೂಗಲ್ ಡ್ರೈವ್ ಇದೆಯಲ್ಲ, ಮತ್ತೆ ಇದಕ್ಕೂ ದುಡ್ಡು ಯಾಕೆ?" ಅಂದರು ಯಜಮಾನರು. ಡ್ರೈವ್, ಒನ್‌ಡ್ರೈವ್ ಎಲ್ಲ ಮಾಡುವುದು ಸಿಂಕ್. ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ. ಇಲ್ಲಿ ರ‍್ಯಾನ್ಸಮ್‌ವೇರ್ (ಫೈಲುಗಳಿಗೆ ಬೀಗ ಜಡಿದು ದುಡ್ಡು ಕೇಳುವ ವೈರಸ್) ಹೊಕ್ಕು ಅವನ್ನು ಕೆಡಿಸಿದರೆ ಕೆಟ್ಟ ಫೈಲೇ ಮೇಲಕ್ಕೂ ಹೋಗುತ್ತದೆ. ಅಳಿಸಿದ್ದು 30 ದಿನ ಕಸದ ಬುಟ್ಟಿಯಲ್ಲಿರುತ್ತದೆ ನಿಜ. ಆದರೆ ಮಾವನವರ ಯಾವುದೋ ಹಳೇ ಫೋಲ್ಡರ್ ಕಾಣೆಯಾದದ್ದು ನಮ್ಮ ಗಮನಕ್ಕೆ ಬರುವುದೇ ಮುಂದಿನ ದೀಪಾವಳಿಗೆ. ನಮಗೆ ಬೇಕಿದ್ದದ್ದು ಇಲ್ಲಿ ಹೋದರೂ ಅಲ್ಲಿ ಉಳಿಯುವಂಥದ್ದು.

ಹಾಗೆ ಸೋಸಿದಾಗ ಕೊನೆಗೆ ಎರಡು ಹೆಸರು ಉಳಿದವು. ಬ್ಯಾಕ್‌ಬ್ಲೇಜ್ ಬಹಳ ಸರಳ: ಒಂದು ಕಂಪ್ಯೂಟರಿಗೆ ಒಂದು ದರ, ಎಷ್ಟು ಬೇಕಾದರೂ ತುಂಬಿಸಿ. ನಾನು ನೋಡಿದಾಗ ವರ್ಷಕ್ಕೆ 99 ಡಾಲರ್. ಅಳಿಸಿದ ಫೈಲನ್ನು ಒಂದು ವರ್ಷದವರೆಗೆ ಇಟ್ಟುಕೊಳ್ಳುವ ಆಯ್ಕೆಯೂ ಅದರಲ್ಲೇ ಸೇರಿತ್ತು. ಆದರೆ ಹೊರಗಿನ ಹಾರ್ಡ್‌ಡಿಸ್ಕನ್ನು ಗಡುವಿನೊಳಗೆ ಮತ್ತೆ ಕಂಪ್ಯೂಟರಿಗೆ ಚುಚ್ಚದೆ ಹೋದರೆ ಅದರ ಬ್ಯಾಕಪ್ಪೂ ಹೋಗುತ್ತದೆ. ಬೀರುವಿನಲ್ಲಿಟ್ಟ ಡಿಸ್ಕನ್ನು ಮರೆಯುವುದರಲ್ಲಿ ನಮ್ಮ ಮನೆಯವರದು ಎತ್ತಿದ ಕೈ. ಐಡ್ರೈವ್‌ನ ಲೆಕ್ಕ ಬೇರೆ: ಇಷ್ಟು ಜಾಗ ಅಂತ ಕೊಂಡರೆ ಎಷ್ಟು ಕಂಪ್ಯೂಟರನ್ನಾದರೂ ಸೇರಿಸಬಹುದು. ಇಲ್ಲಿ ಅಳಿಸಿದ ಫೈಲನ್ನು, ನಾವಾಗಿ ಅಲ್ಲಿ ಹೋಗಿ ತೆಗೆಯುವವರೆಗೆ, ಅದು ತಾನಾಗಿ ತೆಗೆಯುವುದಿಲ್ಲ. ಮೂರು ಕಂಪ್ಯೂಟರಿಗೆ ಮೂರು ಚಂದಾ ಕಟ್ಟುವುದಕ್ಕಿಂತ ನಮಗೆ ಐಡ್ರೈವೇ ಅಗ್ಗವಾಯಿತು, ಅದನ್ನೇ ಆರಿಸಿಕೊಂಡೆ. ಒಂದೇ ಕಂಪ್ಯೂಟರಿದ್ದು ಅದರ ತುಂಬ ವಿಡಿಯೊ ಇರುವವರಿಗೆ ಬ್ಯಾಕ್‌ಬ್ಲೇಜೇ ಸರಿ ಅಂತ ಈಗಲೂ ಹೇಳುತ್ತೇನೆ. ದೊಡ್ಡದಾಗಿ ಕಾಣುವ ಬೆಲೆ ಬಹಳ ಕಡೆ ಮೊದಲ ವರ್ಷದ ರಿಯಾಯಿತಿ ಬೆಲೆ. ಎರಡನೇ ವರ್ಷದ್ದನ್ನು ನೋಡಿ ಹೋಲಿಸಬೇಕು.

ಕಂಪನಿಯೇ ಅಂಗಡಿ ಮುಚ್ಚಿದರೆ? ಇದು ಬರಿ ಅನುಮಾನವಲ್ಲ. ಮನೆ ಬಳಕೆಗೆ ಒಂದು ಕಾಲಕ್ಕೆ ಎಲ್ಲರೂ ಹೊಗಳುತ್ತಿದ್ದ ಕ್ರ್ಯಾಶ್‌ಪ್ಲಾನ್, ಆ ಸೇವೆ ನಿಲ್ಲಿಸುವುದಾಗಿ 2017ರ ಆಗಸ್ಟಿನಲ್ಲಿ ಹೇಳಿ 2018ರ ಅಕ್ಟೋಬರಿಗೆ ಮುಗಿಸಿತು. ಅದಕ್ಕೇ ಎಸ್‌ಪಿ ರೋಡಿನ ಕಂಪ್ಯೂಟರ್ ಅಂಗಡಿಯಿಂದ ಒಂದು ಹಾರ್ಡ್‌ಡಿಸ್ಕನ್ನೂ ತಂದೆ. ಬಿಲ್ಲು ಕೇಳಿ ತೆಗೆದುಕೊಳ್ಳಿ, ವಾರಂಟಿ ಇರುವುದು ಅದರಲ್ಲಿ. ವಾರಕ್ಕೊಮ್ಮೆ ಚುಚ್ಚಿ, ಕಾಪಿ ಮಾಡಿ, ಕಿತ್ತಿಡುತ್ತೇನೆ. ಚುಚ್ಚಿಯೇ ಬಿಟ್ಟರೆ ರ‍್ಯಾನ್ಸಮ್‌ವೇರ್ ಅದನ್ನೂ ಬಿಡುವುದಿಲ್ಲ.

ಇನ್ನು ಅಪ್‌ಲೋಡ್. ಡೌನ್‌ಲೋಡ್ ವೇಗ ನೋಡಿ ಪ್ಲಾನ್ ತೆಗೆದುಕೊಳ್ಳುವವರು ಇಲ್ಲಿ ಎಡವುತ್ತಾರೆ. ಹಳೇ ಟೆಲಿಫೋನ್ ತಂತಿಯ ಬ್ರಾಡ್‌ಬ್ಯಾಂಡಿನ ಒಂದು ಎಂಬಿಪಿಎಸ್ ಅಪ್‌ಲೋಡಿನಲ್ಲಿ ಒಂದು ಟಿಬಿ ಕಳಿಸಲು ತೊಂಬತ್ತು ದಿನಕ್ಕೂ ಹೆಚ್ಚು ಬೇಕು. ಫೈಬರಿನ 50 ಎಂಬಿಪಿಎಸ್‌ನಲ್ಲಿ ಕಾಗದದ ಲೆಕ್ಕಕ್ಕೆ ಎರಡು ದಿನವೂ ಬೇಡ. ಸರ್ವರ್ ಸಮುದ್ರದಾಚೆ ಇದ್ದರೆ ಅಷ್ಟು ವೇಗ ಸಿಗುವುದಿಲ್ಲ, ಕಂಪ್ಯೂಟರ್ ನಿದ್ದೆಗೆ ಜಾರಿದರೆ ಕೆಲಸವೂ ನಿಲ್ಲುತ್ತದೆ. ಹಾಗಾಗಿ ಮೊದಲು ದಾಖಲೆಗಳು, ಆಮೇಲೆ ಫೋಟೊ, ಕಟ್ಟಕಡೆಗೆ ವಿಡಿಯೊ ಅಂತ ಸರದಿ ಹಾಕಿದೆ. ರೂಟರನ್ನು ಯುಪಿಎಸ್‌ಗೆ ಸಿಕ್ಕಿಸಿದೆ. ಸಂಜೆ ಮಳೆ ಬಂದರೆ ನಮ್ಮಲ್ಲಿ ಕರೆಂಟು ಮೊದಲು ಹೋಗುತ್ತದೆ. 'ಅನ್‌ಲಿಮಿಟೆಡ್' ಅನ್ನುವ ಪ್ಲಾನುಗಳಿಗೂ ತಿಂಗಳಿಗೆ 3,300 ಜಿಬಿ ಥರದ ಮಿತಿ ಇರುವುದುಂಟು, ಅಪ್‌ಲೋಡನ್ನೂ ಆ ಲೆಕ್ಕದಲ್ಲೇ ಇಟ್ಟುಕೊಳ್ಳಿ.

ಯಾವ ಫೋಲ್ಡರ್ ಹೋಗುತ್ತಿದೆ ಅಂತ ಕಣ್ಣಾರೆ ನೋಡಬೇಕು. ಟ್ಯಾಲಿಪ್ರೈಮ್ ಸಾಮಾನ್ಯವಾಗಿ ಡೇಟಾ ಇಡುವುದು ಸಿ ಡ್ರೈವಿನ ಯೂಸರ್ಸ್ ಒಳಗಿನ ಪಬ್ಲಿಕ್ ಫೋಲ್ಡರಿನಲ್ಲಿ. 'ಡಾಕ್ಯುಮೆಂಟ್ಸ್' ಮಾತ್ರ ಟಿಕ್ ಮಾಡಿದರೆ ವರ್ಷದ ಲೆಕ್ಕವೇ ಹೊರಗೆ. ಟ್ಯಾಲಿ ತೆರೆದಿರುವಾಗ ಫೈಲು ಅರ್ಧಂಬರ್ಧ ಹೋಗಬಾರದು ಅಂತ ಯಜಮಾನರು ಕೆಲಸ ಮುಗಿಸುವ ಮುಂಚೆ ಟ್ಯಾಲಿಯದ್ದೇ ಬ್ಯಾಕಪ್ ಒತ್ತುತ್ತಾರೆ, ಆ ಫೈಲೂ ಮೇಲಕ್ಕೆ ಹೋಗುತ್ತದೆ.

ಎಲ್ಲ ಹೋದ ಮೇಲೆ ಮಾವನವರ ಒಂದು ಫೋಲ್ಡರನ್ನು ನನ್ನ ಮ್ಯಾಕ್‌ಗೆ ಇಳಿಸಿ ನೋಡಿದೆ. ಫೈಲೆಲ್ಲ ಬಂದಿತ್ತು. ತೆರೆದರೆ ಒಂದಕ್ಷರ ಕನ್ನಡವಿಲ್ಲ, ಸಾಲುಸಾಲಾಗಿ ಕೊಂಬು, ಟೋಪಿ ಹೊತ್ತ ಇಂಗ್ಲಿಷ್ ಅಕ್ಷರಗಳು. ಪಕ್ಕದಲ್ಲಿ ನಿಂತಿದ್ದ ಮಾವನವರು ಕನ್ನಡಕ ಸರಿಮಾಡಿಕೊಂಡು, "ಏನಮ್ಮಾ ಇದು, ನನ್ನ ಬರಹಕ್ಕೆ ದೆವ್ವ ಹಿಡೀತಾ?" ಅಂದರು. "ಬರಹ ನೆಟ್ಟಗಿದೆ ಮಾವ, ಫಾಂಟ್ ಬಂದಿಲ್ಲ ಅಷ್ಟೇ" ಅಂದೆ. ಹಳೇ 'ನುಡಿ', 'ಬರಹ' ತಂತ್ರಾಂಶಗಳ, ಯೂನಿಕೋಡ್ (ಈಗಿನ ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಸಂಕೇತ) ಅಲ್ಲದ ಫೈಲುಗಳಿಗೆ ಆಯಾ ಫಾಂಟೇ ಕಣ್ಣು. ಆ ಫಾಂಟ್ ಕೂತಿರುವುದು ವಿಂಡೋಸ್ ಫೋಲ್ಡರಿನೊಳಗೆ. ನಾನು ಕಳಿಸಿದ್ದು ಬಳಕೆದಾರರ ಫೋಲ್ಡರುಗಳನ್ನು ಮಾತ್ರ. ವಿಂಡೋಸ್ ಫೋಲ್ಡರನ್ನು ಬ್ಯಾಕ್‌ಬ್ಲೇಜ್ ಕೂಡ ತೆಗೆದುಕೊಳ್ಳುವುದಿಲ್ಲ. ಫಾಂಟ್ ಫೈಲುಗಳನ್ನು ಲೇಖನಗಳ ಫೋಲ್ಡರಿಗೇ ಕಾಪಿ ಮಾಡಿದೆ. ನುಡಿಯ ಪರಿವರ್ತಕದಿಂದ ಲೇಖನಗಳನ್ನು ಯೂನಿಕೋಡಿಗೆ ತಿರುಗಿಸಿ ಎರಡನ್ನೂ ಇಟ್ಟೆ. ಪರಿವರ್ತನೆಯಲ್ಲಿ ಅಲ್ಲಲ್ಲಿ ಒತ್ತಕ್ಷರ ಎಡವಟ್ಟಾಗುತ್ತದೆ, ಮೂಲ ಇದ್ದರೆ ತಾಳೆ ನೋಡಬಹುದು. ಮನೆಯಲ್ಲಿ ಹಳೇ ಕನ್ನಡ ಫೈಲಿರುವವರು ಬ್ಯಾಕಪ್ಪಿಗೆ ಕೈ ಹಾಕುವ ಮುಂಚೆಯೇ ಈ ಕೆಲಸ ಮುಗಿಸಿಬಿಡಿ.

ದುಡ್ಡು ಕಟ್ಟುವುದೂ 'ಯಾವಾಗ ಅಳಿಸುತ್ತಾರೆ' ಅನ್ನುವ ಪ್ರಶ್ನೆಯ ಭಾಗವೇ. ಕಾರ್ಡಿನಿಂದ ತಾನಾಗಿ ಕಡಿತವಾಗುವ ಪಾವತಿಗೆ ರಿಸರ್ವ್ ಬ್ಯಾಂಕಿನ ಹೊಸ ನಿಯಮ 2021ರ ಅಕ್ಟೋಬರಿನಿಂದ ಜಾರಿಯಲ್ಲಿದೆ. ಅದಕ್ಕೆ ಒಗ್ಗದ ವಿದೇಶಿ ಚಂದಾಗಳು ನಮ್ಮ ಕಾರ್ಡುಗಳಲ್ಲಿ ನವೀಕರಣವಾಗದೆ ನಿಲ್ಲುತ್ತವೆ. ಚಂದಾ ನಿಂತು ಸ್ವಲ್ಪ ಕಾಲದ ಮೇಲೆ ಫೈಲುಗಳಿಗೂ ಗತಿ ಅಷ್ಟೇ. ಎಚ್ಚರಿಕೆಯ ಇಮೇಲ್ ನಾವು ನೋಡದ ಟ್ಯಾಬಿನಲ್ಲಿ ಬಿದ್ದಿರುತ್ತದೆ. ನಾನು ವರ್ಷದ ಚಂದಾ ತೆಗೆದುಕೊಂಡು, ಅವಧಿ ಮುಗಿಯಲು ಒಂದು ತಿಂಗಳು ಉಳಿದಿರುವ ದಿನಕ್ಕೆ ಮೊಬೈಲಿನಲ್ಲೂ ಅಡುಗೆಮನೆಯ ಕ್ಯಾಲೆಂಡರಿನಲ್ಲೂ ಗುರುತು ಹಾಕಿದ್ದೇನೆ. ಕಾರ್ಡಿನಲ್ಲಿ ಅಂತರರಾಷ್ಟ್ರೀಯ ವಹಿವಾಟು ಆನ್ ಆಗಿರಬೇಕು, ಡಾಲರ್ ಬೆಲೆಯ ಮೇಲೆ ಬ್ಯಾಂಕಿನವರ ಶುಲ್ಕವೂ ಬೀಳುತ್ತದೆ.

ಖಾಸಗಿ ಕೀಲಿಯ (ಅಲ್ಲಿರುವ ನಮ್ಮ ಫೈಲುಗಳ ಬೀಗ ತೆಗೆಯುವ, ನಮಗೆ ಮಾತ್ರ ಗೊತ್ತಿರುವ ಗುಟ್ಟಿನ ಪದ) ಆಯ್ಕೆಯನ್ನು ಖಾತೆ ತೆರೆಯುವಾಗಲೇ ತೆಗೆದುಕೊಂಡೆ, ಏಕೆಂದರೆ ಬೇರೆಯವರ ಲೆಕ್ಕಪತ್ರ, ಪ್ಯಾನ್ ಕಾರ್ಡಿನ ಪ್ರತಿಗಳು ನಮ್ಮಲ್ಲಿವೆ. ಆ ಕೀಲಿ ಕಳೆದರೆ ಕಂಪನಿಯವರೂ ಕೈಯೆತ್ತುತ್ತಾರೆ, ಪಾಸ್‌ವರ್ಡ್ ಥರ ಮತ್ತೆ ಕೊಡಲು ಅವರಲ್ಲಿ ಇರುವುದೇ ಇಲ್ಲ. ಕಂಪ್ಯೂಟರಿನಲ್ಲಿ ಬರೆದಿಟ್ಟರೆ ಕಂಪ್ಯೂಟರಿನ ಜೊತೆಗೇ ಹೋಗುತ್ತದೆ. ಹಾಗಾಗಿ ಕಾಗದದಲ್ಲಿ ಬರೆದು ಒಂದು ಪ್ರತಿ ಎಲ್‌ಐಸಿ ಬಾಂಡುಗಳ ಕವರಿನಲ್ಲಿ, ಇನ್ನೊಂದು ಮೈಸೂರಿನಲ್ಲಿರುವ ನಮ್ಮಣ್ಣನ ಮನೆಯಲ್ಲಿ.