ಮೈಸೂರು ಬಿಟ್ಟು ನೇರ ಗುಂಬಜ್‌ಗೆ: ಹಾಸನದಿಂದ ಒಂದು ದಿನದ ಲೆಕ್ಕ

ಹಾಸನದಿಂದ ಶ್ರೀರಂಗಪಟ್ಟಣಕ್ಕೆ ಟಿಟಿ (ಟೆಂಪೋ ಟ್ರಾವೆಲರ್) ಮಾಡಿದರೆ ಮೊದಲು ಮೈಸೂರು ಅರಮನೆ, ಊಟ ಮುಗಿಸಿ ಪಟ್ಟಣ, ಇದು ರೂಢಿ. ಅರಮನೆಯನ್ನೇ ಕೈಬಿಟ್ಟು ಬೆಳಿಗ್ಗೆ ಎಂಟೂವರೆಯೊಳಗೆ ಹೈದರ್-ಟಿಪ್ಪು ಗೋರಿಗಳಿರುವ ಗುಂಬಜ್ ಮುಂದೆ ಜನ ಇಳಿಸುವ ಲೆಕ್ಕ ಹಾಕಿದಾಗ, "ಅರಮನೆ ಇಲ್ಲದ ಟ್ರಿಪ್ಪಿಗೆ ಯಾರ್ ಸಾರ್ ಸೀಟ್ ಬುಕ್ ಮಾಡ್ತಾರೆ" ಅಂದವರೇ ಹೆಚ್ಚು. ಈಗ ಹನ್ನೆರಡು ಸೀಟೂ ತುಂಬುತ್ತವೆ. ಹಾಗೆ ಅಂದವರಲ್ಲಿ ಕೆಲವರು ಇದೇ ದಾರಿ ಹಿಡಿದಿದ್ದಾರೆ, ಅದು ಬೇರೆ ಮಾತು.

ರೂಢಿಯ ದಾರಿ ಎರಡು ಕಡೆ ಕೈಕೊಡುತ್ತದೆ. ಒಂದು, ಕಲ್ಲು. ಗುಂಬಜ್ ನಿಂತಿರುವುದು ಎತ್ತರದ ಜಗಲಿಯ ಮೇಲೆ, ಚಪ್ಪಲಿ ಬಿಟ್ಟೇ ಹತ್ತಬೇಕು. ಮಧ್ಯಾಹ್ನ ಎರಡರ ಹೊತ್ತಿಗೆ ಆ ಕಲ್ಲು ಕಾದ ಹೆಂಚು. ಮಾರ್ಚಿಯಿಂದ ಮೇವರೆಗಂತೂ ಅರವತ್ತು ದಾಟಿದವರು ಮೆಟ್ಟಿಲಲ್ಲೇ ನಿಂತುಬಿಡುತ್ತಾರೆ, ಉಳಿದವರು ಓಡಿಕೊಂಡು ಒಳಗೆ ಹೋಗಿ ಓಡಿಕೊಂಡೇ ಬರುತ್ತಾರೆ. ಕಾಲುಚೀಲ ಹಾಕಿಸಿ ನೋಡಿದ್ದಾಯಿತು. ತೆಳು ಹತ್ತಿಯದಕ್ಕೆ ಶಾಖ ತಡೆಯುವುದಿಲ್ಲ, ದಪ್ಪನೆಯದು ಒಳಗಿನ ನುಣುಪು ನೆಲದಲ್ಲಿ ಜಾರುತ್ತದೆ. ಎರಡನೆಯದು, ಬಾಗಿಲು. ರಂಗನಾಥಸ್ವಾಮಿ ದೇವಸ್ಥಾನ ಮಧ್ಯಾಹ್ನ ಹಾಕಿರುತ್ತದೆ, ಜಾಮಿಯಾ ಮಸೀದಿಯಲ್ಲಿ ನಮಾಜಿನ ಹೊತ್ತು. ಊಟ ಮುಗಿಸಿ ಬಂದವರು ನಾಲ್ಕು ಗಂಟೆವರೆಗೆ ಎಳನೀರು ಕುಡಿಯುತ್ತಾ ಕೂರಬೇಕು, ಆಮೇಲೆ ಮೂರನ್ನೂ ಒಂದೂವರೆ ಗಂಟೆಯಲ್ಲಿ ತುರುಕಬೇಕು.

ಹಾಗಾಗಿ ನಾನು ಹಾಸನ ಬಿಡುವುದು ಐದಕ್ಕೆ. ಚನ್ನರಾಯಪಟ್ಟಣ, ಕಿಕ್ಕೇರಿ, ಕೆ.ಆರ್.ಪೇಟೆ, ಪಾಂಡವಪುರ, ಪಟ್ಟಣ. ಹೋಗುವುದು ನೂರಹತ್ತು-ನೂರಹದಿನೈದು ಕಿಲೋಮೀಟರ್. ಹೊಳೆನರಸೀಪುರ, ಕೆ.ಆರ್.ನಗರ ಮೇಲೆ ಮೈಸೂರು ಮುಟ್ಟಿ ಬಂದರೆ ನೂರಮೂವತ್ತು ದಾಟುತ್ತದೆ, ಜೊತೆಗೆ ಮೈಸೂರಿನ ಸಿಗ್ನಲ್ಲುಗಳು. ತಿಂಡಿ ಕೆ.ಆರ್.ಪೇಟೆಯಲ್ಲಿ, ಮುಕ್ಕಾಲು ಗಂಟೆಗಿಂತ ಹೆಚ್ಚು ಕೊಡಬಾರದು. ಕಬ್ಬು ಅರೆಯುವ ಕಾಲದಲ್ಲಿ ಪಾಂಡವಪುರದ ಹತ್ತಿರ ಟ್ರ್ಯಾಕ್ಟರ್, ಎತ್ತಿನಗಾಡಿ ಸಾಲುಗಟ್ಟಿರುತ್ತವೆ, ಅರ್ಧ ಗಂಟೆ ಸಲೀಸಾಗಿ ಹೋಗುತ್ತದೆ. ತಪ್ಪಿಸಿಕೊಳ್ಳುವ ಒಂದು ಹಳ್ಳಿ ರಸ್ತೆ ಇದೆ. ಹೆಸರು ಬರೆಯುವುದಿಲ್ಲ, ಬರೆದರೆ ಅಲ್ಲೂ ಸಾಲು ನಿಲ್ಲುತ್ತದೆ. ಅಂದಹಾಗೆ ಪಾಂಡವಪುರದ ಹಳೆಯ ಹೆಸರು ಫ್ರೆಂಚ್ ರಾಕ್ಸ್. ಹೈದರ್, ಟಿಪ್ಪು ಬಳಿ ಇದ್ದ ಫ್ರೆಂಚ್ ಸಿಪಾಯಿಗಳ ಬೀಡು ಅಲ್ಲಿತ್ತು. ಗಾಡಿಯಲ್ಲಿ ನಿದ್ದೆ ಮಾಡುವವರನ್ನು ಎಬ್ಬಿಸಲು ಇಷ್ಟು ಹೇಳಿದರೆ ಸಾಕು.

ಗುಂಬಜ್‌ಗೆ ಒಂದು ಗಂಟೆ ಇಡಿ. ಮೊದಲು ಹೊರಗೆ ಒಂದು ಸುತ್ತು. ಸುತ್ತಲಿನ ಕರಿಕಲ್ಲಿನ ಕಂಬಗಳು ಮೂವತ್ತಾರು, ಮುಖ ಕಾಣುವಷ್ಟು ಮಿರುಗು. ಬೇಲೂರು ನೋಡಿ ಬೆಳೆದ ನಮ್ಮ ಕಡೆಯವರು ಇಲ್ಲೇ ವಾದಕ್ಕೆ ನಿಲ್ಲುತ್ತಾರೆ. ಬೇಲೂರಿನ ಕಂಬ ಬಳಪದ ಕಲ್ಲು, ಕಡೆಯುವಾಗ ಮೆತ್ತಗಿರುತ್ತದೆ, ಸೂಕ್ಷ್ಮ ಕೆತ್ತನೆ ಹಿಡಿಯುತ್ತದೆ. ಇಲ್ಲಿನದು ಗಡುಸು ಕಲ್ಲು. ಕೆತ್ತನೆ ಕಡಿಮೆ, ಪಾಲಿಶ್ ಜಾಸ್ತಿ. ಆ ಹೊಳಪು ಫೋಟೋ ಕೆಡಿಸುತ್ತದೆ. ಪೋಲರೈಸ್ಡ್ ಕೂಲಿಂಗ್ ಗ್ಲಾಸನ್ನು ಫೋನಿನ ಕ್ಯಾಮೆರಾಕ್ಕೆ ಅಡ್ಡ ಹಿಡಿದು ತಿರುಗಿಸುತ್ತಾ ಹೋದರೆ ಒಂದು ಕೋನದಲ್ಲಿ ಹೊಳಪು ಇಳಿದು ಕಲ್ಲಿನ ಬಣ್ಣ ಬರುತ್ತದೆ. ಕಂಬದ ಎದುರು ನಿಂತರೆ ಆಗದು, ಓರೆಯಾಗಿ ನಿಲ್ಲಬೇಕು. ಮಾಮೂಲಿ ಕಪ್ಪು ಗಾಜಿನಲ್ಲಿ ಬರುವುದಿಲ್ಲ, ಫೋಟೋ ಕತ್ತಲಾಗುತ್ತದೆ ಅಷ್ಟೆ. ಒಳಗೆ ಕ್ಯಾಮೆರಾ ಎತ್ತುವ ಮುಂಚೆ ಬಾಗಿಲಲ್ಲಿ ಕೂತವರನ್ನು ಕೇಳಿ.

ಒಳಗೆ ಮಧ್ಯದ್ದು ಹೈದರ್ ಅಲಿಯದು. ಅವನು ತೀರಿಕೊಂಡದ್ದು 1782ರ ಡಿಸೆಂಬರಿನಲ್ಲಿ, ಕಟ್ಟಿಸಿದ್ದು ಮಗ. ಹೈದರನ ಪೂರ್ವಕ್ಕೆ ಟಿಪ್ಪುವಿನ ತಾಯಿ, ಪಶ್ಚಿಮಕ್ಕೆ ಟಿಪ್ಪು. 1799ರ ಮೇ 4ರಂದು ಕೋಟೆ ಬಿದ್ದ ಮರುದಿನ ತಂದು ಇಟ್ಟದ್ದು. ಗೋಡೆಯ ಹುಲಿಪಟ್ಟೆ ಎಲ್ಲರಿಗೂ ಕಾಣುತ್ತದೆ, ದಂತ ಕೂರಿಸಿದ ಬಾಗಿಲನ್ನು ಯಾರೂ ನೋಡುವುದಿಲ್ಲ. ಈಗಿರುವುದು ಬ್ರಿಟಿಷ್ ಗವರ್ನರ್ ಜನರಲ್ ಲಾರ್ಡ್ ಡಾಲ್‌ಹೌಸಿ ಕೊಟ್ಟದ್ದು, ಮೊದಲಿನದಲ್ಲ. ಜಗಲಿಯ ಮೇಲೂ ಗೋರಿಗಳಿವೆ. ಕಟ್ಟೆ ಅಂದುಕೊಂಡು ಅದರ ಮೇಲೆ ಕೂರುವವರನ್ನು ಮೊದಲೇ ಎಚ್ಚರಿಸಿಡಿ. ಹಿಜರಿ ಜುಲ್‌ಕಾದ ತಿಂಗಳ ಉರುಸ್ ಸಮಯದಲ್ಲಿ ಕಾಲಿಡಲು ಜಾಗವಿರದು. ಅದು ವರ್ಷವರ್ಷವೂ ಹತ್ತು-ಹನ್ನೊಂದು ದಿನ ಹಿಂದೆ ಸರಿಯುತ್ತದೆ, ಹಿಂದಿನ ವರ್ಷದ ತಾರೀಖು ನಂಬಬೇಡಿ. ಅಮಾವಾಸ್ಯೆಯೂ ಬೇಡ, ಸಂಗಮಕ್ಕೆ ಹೋಗುವ ಗಾಡಿಗಳೆಲ್ಲ ಇದೇ ರಸ್ತೆಗೆ ಬೀಳುತ್ತವೆ.

ಒಂಬತ್ತೂವರೆಗೆ ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್. ಟಿಕೆಟ್ ಇಪ್ಪತ್ತೈದು, ಫೋನಿನಲ್ಲಿ ತೆಗೆದರೆ ಇಪ್ಪತ್ತು ಇದ್ದ ನೆನಪು. ಪಶ್ಚಿಮದ ಗೋಡೆಯ ಮೇಲೆ ಹೈದರ್, ಟಿಪ್ಪು ಇಂಗ್ಲಿಷರನ್ನು ಸೋಲಿಸಿದ ಪೊಳ್ಳಿಲೂರು ಯುದ್ಧದ ಚಿತ್ರಕ್ಕೆ ಸಮಯ ಕೊಡಿ, ಉಳಿದದ್ದು ಬೇಗ ಮುಗಿಯುತ್ತದೆ.

ಹನ್ನೊಂದಕ್ಕೆ ಮಸೀದಿ. ಬೆಂಗಳೂರು ದಿಡ್ಡಿಯ ಹತ್ತಿರ, 1787ರ ಹೊತ್ತಿಗೆ ಮುಗಿದದ್ದು. ಎತ್ತರದ ಕಟ್ಟಡದ ಮೇಲೆ ಅಂಗಳ, ಎರಡು ಎಂಟುಮೂಲೆ ಮಿನಾರು, ಮೈತುಂಬ ಪಾರಿವಾಳದ ಗೂಡು. ಮಿನಾರುಗಳಿರುವುದು ಪೂರ್ವಕ್ಕೆ, ಹಾಗಾಗಿ ಮಧ್ಯಾಹ್ನದೊಳಗೆ ಬಂದರೇ ಬೆಳಕು. ಒಳಗೆ ಪಾರಸಿ ಶಾಸನಗಳಿವೆ. ನಮಾಜು ನಡೆಯುವ ಜಾಗ, ಮದರಸವೂ ಇದೆ. ಕೇಳಿಯೇ ಮುಂದೆ ಹೋಗಬೇಕು, ಹನ್ನೆರಡೂ ಕಾಲಿಗೆ ಹೊರಗಿರಬೇಕು. ಶುಕ್ರವಾರ ಈ ಟ್ರಿಪ್ಪೇ ಬೇಡ. ಮಸೀದಿಯಿಂದ ದೇವಸ್ಥಾನ ಹತ್ತಿರವೇ, ಬಾಗಿಲು ಹಾಕುವ ಮುಂಚೆ ದರ್ಶನ ಆಗಿಬಿಡುತ್ತದೆ.

ಸಣ್ಣ ಸಾಮಾನುಗಳೇ ಗಂಟೆ ಉಳಿಸುವುದು. ಲೇಸಿನ ಶೂ ಯಾರೂ ಹಾಕಬಾರದು, ಮೂರು ಕಡೆ ಬಿಚ್ಚಿ ಕಟ್ಟುವುದರಲ್ಲೇ ಅರ್ಧ ಗಂಟೆ ಮುಳುಗುತ್ತದೆ. ಎಲ್ಲರ ಚಪ್ಪಲಿಗೂ ಒಂದೇ ಅಕ್ಕಿ ಚೀಲ. ಚಡ್ಡಿಯಲ್ಲಿ ಬಂದವರಿಗೆ ನಾಲ್ಕು ಪಂಚೆ, ತಲೆಗೆ ಹೊದೆಯಲು ಶಾಲು, ಟವೆಲ್ ಗಾಡಿಯಲ್ಲೇ ಇರಲಿ.

ದುಡ್ಡಿನ ಲೆಕ್ಕ ಹೆಚ್ಚುಕಡಿಮೆ ಹೀಗೆ: ಟಿಟಿ ಕಿಲೋಮೀಟರಿಗೆ ಇಪ್ಪತ್ತು, ಇನ್ನೂರೈವತ್ತು ಕಿಲೋಮೀಟರಿಗೆ ಐದು ಸಾವಿರ. ಡ್ರೈವರ್ ಬಾಟಾ ಐನೂರು. ಶಾಂತಿಗ್ರಾಮದ ಟೋಲ್, ಪಾರ್ಕಿಂಗ್ ಸೇರಿ ಇನ್ನೊಂದು ನಾನೂರು. ತಲೆಗೆ ಐನೂರಕ್ಕೆ ಸ್ವಲ್ಪ ಕಡಿಮೆ, ತಿಂಡಿ-ಊಟ ಬೇರೆ. ಮಿನಿಮಮ್ ಮುನ್ನೂರು ಕಿಲೋಮೀಟರ್ ಎನ್ನುವ ಮಾಲೀಕರು ಸಿಕ್ಕರೆ ಉಳಿದ ಐವತ್ತನ್ನು ಬಿಡಬೇಡಿ. ಪಾಂಡವಪುರದಲ್ಲಿ ಮುದ್ದೆ ಊಟ ಮಾಡಿ ಮೇಲುಕೋಟೆಗೆ ತಿರುಗಿಸಿ. ನಾಲ್ಕಕ್ಕಿಂತ ಮುಂಚೆ ಹೋದರೆ ಅಲ್ಲೂ ಬಾಗಿಲು ಹಾಕಿರುತ್ತದೆ, ಆ ಹೊತ್ತಿಗೆ ಕಲ್ಯಾಣಿ ನೋಡಿಕೊಂಡಿರಿ.