ಕ್ಯಾನ್ಸರ್ ಚಿಕಿತ್ಸೆಯ ಹೊತ್ತಿನಲ್ಲಿ ಹಲ್ಲು, ದವಡೆಯ ಆರೈಕೆ

ಕ್ಯಾನ್ಸರ್ ಎಂದು ಗೊತ್ತಾದ ವಾರದಲ್ಲಿ ಹಲ್ಲಿನ ಡಾಕ್ಟರ ನೆನಪು ಯಾರಿಗೂ ಬರುವುದಿಲ್ಲ. ಆದರೆ ಹಲ್ಲಿನ ದೊಡ್ಡ ಕೆಲಸಗಳನ್ನು ನಿಶ್ಚಿಂತೆಯಿಂದ ಮಾಡಿಸಿಕೊಳ್ಳಲು ಸಿಗುವುದು ಚಿಕಿತ್ಸೆ ಶುರುವಾಗುವ ಮುಂಚಿನ ಆ ಎರಡು ಮೂರು ವಾರ ಮಾತ್ರ. ದವಡೆಗೆ ರೇಡಿಯೇಶನ್ ಬಿದ್ದ ಮೇಲೆ, ಅಥವಾ ಮೂಳೆಗೆ ಹರಡಿದ ಕ್ಯಾನ್ಸರಿಗೆ ಕೊಡುವ ಝೋಲೆಡ್ರೋನಿಕ್ ಆಸಿಡ್, ಡೆನೊಸುಮ್ಯಾಬ್‌ನಂಥ ಇಂಜೆಕ್ಷನ್ ಶುರುವಾದ ಮೇಲೆ, ಒಂದು ಹಲ್ಲು ಕೀಳಿಸುವುದೂ ಸಣ್ಣ ಮಾತಲ್ಲ. ಕಿತ್ತ ಗಾಯ ಮಾಯದೆ ಒಳಗಿನ ಮೂಳೆಯೇ ಸಾಯಬಹುದು.

ಹಾಗಾಗಿ ಕ್ಯಾನ್ಸರ್ ಡಾಕ್ಟರನ್ನು ಮೊದಲೇ ಮೂರು ವಿಷಯ ಕೇಳಿಕೊಳ್ಳಿ. ರೇಡಿಯೇಶನ್ ದವಡೆಗೆ, ಜೊಲ್ಲಿನ ಗ್ರಂಥಿಗಳಿಗೆ ಬೀಳುತ್ತದೆಯೇ? ಕೀಮೋದಲ್ಲಿ ರಕ್ತಕಣಗಳು ಯಾವ ದಿನಗಳಲ್ಲಿ ತೀರಾ ಇಳಿಯುತ್ತವೆ? ಮೂಳೆಯ ಇಂಜೆಕ್ಷನ್ ಕೊಡುವ ಯೋಚನೆ ಇದೆಯೇ? ಬಾಯಿಯ ಆರೈಕೆಯ ಲೆಕ್ಕವೆಲ್ಲ ಈ ಉತ್ತರಗಳ ಮೇಲೆ ನಿಂತಿದೆ. ರೇಡಿಯೇಶನ್ ಬಿದ್ದ ಜಾಗವನ್ನಷ್ಟೇ ಸುಡುತ್ತದೆ. ಎದೆಗೋ ಹೊಟ್ಟೆಗೋ ಕೊಡುವ ರೇಡಿಯೇಶನ್ನಿನಿಂದ ಹಲ್ಲು ಹಾಳಾಗುವುದಿಲ್ಲ. ಕೀಮೋ ಹಾಗಲ್ಲ, ಕ್ಯಾನ್ಸರ್ ಎಲ್ಲೇ ಇರಲಿ ಅದು ರಕ್ತದ ಜೊತೆ ಬಾಯಿಗೂ ಬರುತ್ತದೆ.

ಶುರುವಾಗುವ ಮುಂಚೆ

ಹಲ್ಲಿನ ಡಾಕ್ಟರ ಬಳಿ ಹೋಗುವಾಗ ಚಿಕಿತ್ಸೆಯ ಪೂರ್ತಿ ಯೋಜನೆಯ ಕಾಗದ, ಇತ್ತೀಚಿನ ರಕ್ತಪರೀಕ್ಷೆಯ ವರದಿ ಜೊತೆಗಿರಲಿ. ಎಕ್ಸ್‌ರೇ ತೆಗೆದು ಹುಳುಕು, ಬೇರಿನ ತುದಿಯ ಕೀವು, ವಸಡಿನ ರೋಗ, ಅರ್ಧ ಮೊಳೆತು ನಿಂತ ಬುದ್ಧಿಹಲ್ಲು ಎಲ್ಲವನ್ನೂ ನೋಡಬೇಕು. ಹಲ್ಲಿಗೆ ಗಟ್ಟಿಕಟ್ಟಿದ ಕೊಳೆ ತೆಗೆಯುವ ಸ್ಕೇಲಿಂಗ್, ಫಿಲ್ಲಿಂಗ್ ಆಗಲೇ ಮುಗಿಯಲಿ. ಕೆನ್ನೆ, ನಾಲಗೆಗೆ ತರಚುವ ಮೊನಚು ಹಲ್ಲನ್ನೂ ನುಣುಪು ಮಾಡಿಸಿ. ಈಗ ಕಿರಿಕಿರಿಯಷ್ಟೇ ಆಗಿರುವ ಆ ಮೊನೆ, ಬಾಯಿಯ ಒಳಪದರ ತೆಳುವಾದಾಗ ಹುಣ್ಣಿಗೆ ಕಾರಣವಾಗುತ್ತದೆ.

ಉಳಿಯುವ ಭರವಸೆ ಇಲ್ಲದ ಹಲ್ಲನ್ನು ಕೀಳಿಸುವುದಾದರೆ ದವಡೆಯ ರೇಡಿಯೇಶನ್ನಿಗೆ 2ರಿಂದ 3 ವಾರ ಮುಂಚೆ, ಕೀಮೋಗೆ ಕನಿಷ್ಠ 7ರಿಂದ 10 ದಿನ ಮುಂಚೆ ಆಗಬೇಕು. ಮೂಳೆಯ ಇಂಜೆಕ್ಷನ್ ಇದ್ದರೆ ಕಿತ್ತ ಗುಳಿಯ ಮೇಲೆ ವಸಡು ಪೂರ್ತಿ ಮುಚ್ಚಿಕೊಳ್ಳುವವರೆಗೆ ಕಾಯುವುದು ಒಳ್ಳೆಯದು. ಇಲ್ಲಿ ಎಡವುವುದು ಎರಡು ಕಡೆ. 'ನೋವಿಲ್ಲವಲ್ಲ, ಇರಲಿ ಬಿಡಿ' ಎಂದು ಅಲುಗಾಡುವ ಹಲ್ಲನ್ನು ಬಿಟ್ಟುಬಿಡುವುದು ಒಂದು. ಹಲ್ಲಿನ ಕೆಲಸಕ್ಕಾಗಿ ಕ್ಯಾನ್ಸರ್ ಚಿಕಿತ್ಸೆಯನ್ನೇ ಮುಂದೂಡುವುದು ಇನ್ನೊಂದು. ಎರಡನೆಯದು ಮೊದಲನೆಯದಕ್ಕಿಂತ ಕೆಟ್ಟದ್ದು. ಸಮಯ ಸಾಲದಿದ್ದರೆ ಯಾವ ಹಲ್ಲು ಈಗ, ಯಾವುದು ಆಮೇಲೆ ಎಂಬುದನ್ನು ಇಬ್ಬರು ಡಾಕ್ಟರೂ ಮಾತಾಡಿಕೊಂಡೇ ತೀರ್ಮಾನಿಸಬೇಕು.

ದವಡೆಗೆ ರೇಡಿಯೇಶನ್ ಇದ್ದವರು ಇದೇ ಭೇಟಿಯಲ್ಲಿ ಇನ್ನೆರಡು ಕೆಲಸ ಮಾಡಿಸಿಕೊಳ್ಳಿ. ಹಲ್ಲಿನ ಅಚ್ಚು ತೆಗೆಸಿ ಫ್ಲೋರೈಡ್ ಜೆಲ್ ಹಾಕಿಕೊಳ್ಳುವ ಮೆದು ಟ್ರೇ ಮಾಡಿಸುವುದು ಒಂದು. ಬಾಯಿ ಎಷ್ಟು ಅಗಲ ತೆರೆಯುತ್ತದೆ ಎಂದು ಅಳೆದು ಬರೆದಿಡುವುದು ಇನ್ನೊಂದು. ಈ ಅಳತೆ ಯಾಕೆ ಬೇಕು ಎಂಬುದು ಮುಂದೆ ಬರುತ್ತದೆ.

ದಿನದಿನದ ಕೆಲಸ

ಬ್ರಷ್ ತೀರಾ ಮೆದುವಾಗಿರಬೇಕು. ಅದೂ ಚುಚ್ಚಿದಂತಾದರೆ ಬಿಸಿನೀರಿನಲ್ಲಿ ಅರ್ಧ ನಿಮಿಷ ಅದ್ದಿ ಇನ್ನಷ್ಟು ಮೆದು ಮಾಡಿಕೊಳ್ಳಿ. ದಿನಕ್ಕೆ ಎರಡು ಸಲ, ಮಲಗುವ ಮುಂಚಿನದಂತೂ ತಪ್ಪಲೇಬಾರದು. ಖಾರದ ಪುದೀನ ಪೇಸ್ಟ್ ಉರಿದರೆ ರುಚಿಯಿಲ್ಲದ ಫ್ಲೋರೈಡ್ ಪೇಸ್ಟ್ ಹಿಡಿಯಿರಿ. ನೊರೆ ಬರಿಸುವ ಸೋಡಿಯಂ ಲಾರಿಲ್ ಸಲ್ಫೇಟ್ ಇಲ್ಲದ ಪೇಸ್ಟ್ ಸಿಕ್ಕರೆ ಇನ್ನೂ ಹಿತ. ಫ್ಲಾಸ್ ದಾರದ ಅಭ್ಯಾಸ ಮೊದಲೇ ಇದ್ದವರು ಮುಂದುವರಿಸಬಹುದು. ಇಲ್ಲದವರು ಕೀಮೋ ನಡುವೆ ಹೊಸದಾಗಿ ಕಲಿಯಲು ಹೋಗಬೇಡಿ, ವಸಡಿಗೆ ಗಾಯವಾಗುತ್ತದೆ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳು ಇಳಿದು ವಸಡಿನಿಂದ ರಕ್ತ ಬರುತ್ತಿದ್ದರೆ ಫ್ಲಾಸ್ ನಿಲ್ಲಿಸಿ, ಬ್ರಷ್ಷನ್ನಲ್ಲ. ಬ್ರಷ್ ತಾಗಿಸಲೂ ಆಗದ ದಿನ ಒದ್ದೆ ಮಾಡಿದ ಸ್ವಚ್ಛ ಗಾಜ್ ಬಟ್ಟೆ ಬೆರಳಿಗೆ ಸುತ್ತಿ ಒರೆಸಿ. ಬಾಯಿ ಸ್ವಲ್ಪ ಮಾಯುತ್ತಲೇ ಮತ್ತೆ ಬ್ರಷ್ಷಿಗೆ ಬನ್ನಿ.

ಬಾಯಿ ಮುಕ್ಕಳಿಸುವ ನೀರನ್ನು ಮನೆಯಲ್ಲೇ ಮಾಡಿಕೊಳ್ಳುವುದು ಎಲ್ಲಕ್ಕಿಂತ ಒಳ್ಳೆಯದು. ಒಂದು ಲೋಟ, ಅಂದರೆ ಸುಮಾರು 240 ಮಿಲಿ ಉಗುರುಬೆಚ್ಚಗಿನ ನೀರಿಗೆ ಕಾಲು ಟೀ ಚಮಚ ಅಡುಗೆ ಸೋಡಾ, ಅದರ ಅರ್ಧದಷ್ಟು ಉಪ್ಪು. ಕಲಕಿ, ಸ್ವಲ್ಪ ಸ್ವಲ್ಪವೇ ಬಾಯಿಗೆ ಹಾಕಿ ಅರ್ಧ ನಿಮಿಷ ಆಡಿಸಿ ಉಗಿಯಿರಿ. ಕೊನೆಗೆ ಬರೀ ನೀರಿನಲ್ಲಿ ಮುಕ್ಕಳಿಸಿ. ಎಚ್ಚರವಿದ್ದಾಗ ಎರಡು ಮೂರು ಗಂಟೆಗೊಮ್ಮೆ, ಊಟವಾದ ಕೂಡಲೇ ಒಮ್ಮೆ. ಹೆಚ್ಚು ಉಪ್ಪು ಹಾಕಿದರೆ ಹೆಚ್ಚು ಗುಣವೆಂದು ಎಷ್ಟೋ ಮಂದಿ ಎಣಿಸುತ್ತಾರೆ. ಅದರಿಂದ ಬಾಯಿ ಇನ್ನಷ್ಟು ಒಣಗಿ ಉರಿಯುತ್ತದೆ. ಅಡುಗೆ ಸೋಡಾ ಬದಲು ಬೇಕಿಂಗ್ ಪೌಡರ್ ಹಾಕಬೇಡಿ, ಅದರಲ್ಲಿ ಆಮ್ಲವೂ ಬೆರೆತಿರುತ್ತದೆ. ನೀರನ್ನು ಆಯಾ ದಿನಕ್ಕೆ ಹೊಸದಾಗಿ ಮಾಡಿಕೊಳ್ಳಿ.

ಅಂಗಡಿಯ ಮೌತ್‌ವಾಶ್‌ಗಳಲ್ಲಿ ಆಲ್ಕೊಹಾಲ್ ಇರುವವನ್ನು ಮುಟ್ಟಬೇಡಿ. ಕ್ರಿಮಿ ಕೊಲ್ಲುವ ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶನ್ನು ವಸಡಿನ ಸೋಂಕಿಗೆ ಡಾಕ್ಟರು ಬರೆದುಕೊಟ್ಟರೆ ಸರಿ. ರೇಡಿಯೇಶನ್ನಿನ ಬಾಯಿಹುಣ್ಣನ್ನು ಅದು ತಡೆಯುವುದಿಲ್ಲ. ಪೇಸ್ಟಿನ ಜೊತೆಜೊತೆಗೇ ಬಳಸಿದರೆ ಅದರ ಶಕ್ತಿ ಕುಗ್ಗುತ್ತದೆ, ನಡುವೆ ಅರ್ಧ ಗಂಟೆ ಬಿಡಬೇಕು. ಫಂಗಸ್‌ಗೆ ಕೊಡುವ ನಿಸ್ಟಾಟಿನ್ ದ್ರವದ ಜೊತೆಗೂ ಅದಕ್ಕೆ ಆಗಿಬರುವುದಿಲ್ಲ.

ಕೀಮೋದಿಂದ ವಾಂತಿಯಾದರೆ ತಕ್ಷಣ ಬ್ರಷ್ ಹಿಡಿಯಬೇಡಿ. ಹೊಟ್ಟೆಯ ಆಮ್ಲ ತಾಗಿ ಮೆತ್ತಗಾದ ಎನಾಮಲ್, ಅಂದರೆ ಹಲ್ಲಿನ ಹೊರಪದರ, ಉಜ್ಜಿದರೆ ಸವೆದುಹೋಗುತ್ತದೆ. ಮೇಲೆ ಹೇಳಿದ ಅಡುಗೆ ಸೋಡಾದ ನೀರಿನಲ್ಲಿ ಮುಕ್ಕಳಿಸಿ, ಅರ್ಧ ಗಂಟೆ ಬಿಟ್ಟು ಉಜ್ಜಿ.

ಹಲ್ಲಿನ ಸೆಟ್ ಇರುವವರು ರಾತ್ರಿ ಅದನ್ನು ತೆಗೆದು, ಉಜ್ಜಿ, ಸೆಟ್ ಶುಚಿಮಾಡುವ ದ್ರಾವಣದಲ್ಲಿ ನೆನೆಹಾಕಿ. ಬಾಯಿ ಹುಣ್ಣಾದಾಗ ಊಟಕ್ಕೆ ಬಿಟ್ಟು ಉಳಿದ ಹೊತ್ತು ಹಾಕಿಕೊಳ್ಳದಿರುವುದೇ ಮೇಲು.

ಬಾಯಿಹುಣ್ಣು, ಜ್ವರ, ರಕ್ತ

ಕೀಮೋ ಕೊಟ್ಟ ಸುಮಾರು ಒಂದು ವಾರಕ್ಕೆ ಬಾಯಿ ಕೆಂಪಾಗಿ ಹುಣ್ಣೇಳುತ್ತದೆ. ರಕ್ತಕಣಗಳು ಮೇಲೇಳುತ್ತಿದ್ದಂತೆ ಎರಡು ಮೂರು ವಾರದೊಳಗೆ ಮಾಯುತ್ತದೆ. ರೇಡಿಯೇಶನ್ನಿನಲ್ಲಿ ಎರಡು ಮೂರನೇ ವಾರಕ್ಕೆ ಶುರುವಾಗಿ ಚಿಕಿತ್ಸೆ ಮುಗಿದ ಮೇಲೂ ಕೆಲವು ವಾರ ಕಾಡುತ್ತದೆ. ಮುಗಿದ ಮಾರನೇ ದಿನವೇ ಕಡಿಮೆಯಾಗಲಿಲ್ಲವೆಂದು ಹೆದರಬೇಕಿಲ್ಲ.

5-ಫ್ಲೂರೊಯುರಾಸಿಲ್ ಎಂಬ ಕೀಮೋ ಔಷಧವನ್ನು ಒಮ್ಮೆಲೇ ರಕ್ತನಾಳಕ್ಕೆ ಚುಚ್ಚುವ ಪದ್ಧತಿಯಲ್ಲಿ, ಚುಚ್ಚುವ 5 ನಿಮಿಷ ಮುಂಚಿನಿಂದ ಹಿಡಿದು ಒಟ್ಟು ಅರ್ಧ ಗಂಟೆ ಬಾಯಲ್ಲಿ ಐಸ್ ಚೂರು ಇಟ್ಟುಕೊಂಡರೆ ಹುಣ್ಣು ಕಡಿಮೆಯಾಗುತ್ತದೆ. ತಣ್ಣಗಾದ ಬಾಯಿಯ ರಕ್ತನಾಳಗಳು ಕುಗ್ಗುವುದರಿಂದ ಅಲ್ಲಿಗೆ ಔಷಧ ಕಡಿಮೆ ತಲುಪುತ್ತದೆ. ಆದರೆ ಜೊತೆಗೆ ಆಕ್ಸಾಲಿಪ್ಲಾಟಿನ್ ಎಂಬ ಇನ್ನೊಂದು ಕೀಮೋ ಔಷಧ ಇದ್ದರೆ ಕೇಳದೆ ಐಸ್ ಬಾಯಿಗಿಡಬೇಡಿ. ಆ ಔಷಧ ನರಗಳನ್ನು ಕೆರಳಿಸಿರುವಾಗ ತಂಪು ತಾಗಿದರೆ ಗಂಟಲು ಹಿಡಿದಂತಾಗಿ ಉಸಿರೇ ಕಟ್ಟಿದಂತೆನಿಸಬಹುದು.

ನೋವಿಗೆ ಲಿಡೋಕೇನ್ ಜೆಲ್ ಬಳಸಿದರೆ ಜೋಮು ಇಳಿಯುವವರೆಗೆ ಬಿಸಿ ಪದಾರ್ಥ ಬೇಡ. ಸುಟ್ಟದ್ದೂ ಕಚ್ಚಿಕೊಂಡದ್ದೂ ಗೊತ್ತಾಗುವುದಿಲ್ಲ. ಒರೆಸಿದರೆ ಎದ್ದುಬಂದು ಕೆಳಗೆ ಕೆಂಪಗೆ ಕಾಣುವ ಬಿಳಿ ಪೊರೆ ಸಾಮಾನ್ಯವಾಗಿ ಫಂಗಸ್. ಅದಕ್ಕೆ ಔಷಧ ಬೇರೆ, ಮುಕ್ಕಳಿಸುವುದರಿಂದ ಹೋಗುವುದಿಲ್ಲ. ಔಷಧದ ಜೊತೆ ಬ್ರಷ್ ಬದಲಿಸಿ, ಹಲ್ಲಿನ ಸೆಟ್ಟನ್ನೂ ಶುದ್ಧಮಾಡಿ. ಇಲ್ಲದಿದ್ದರೆ ಅದೇ ಫಂಗಸ್ ಮತ್ತೆ ಬರುತ್ತದೆ.

ವಿನ್‌ಕ್ರಿಸ್ಟಿನ್‌ನಂಥ ಕೆಲವು ಕೀಮೋ ಔಷಧಗಳು ಕೆಳದವಡೆಯಲ್ಲಿ ಥೇಟ್ ಹಲ್ಲುನೋವಿನಂತೆಯೇ ನೋವು ತರುತ್ತವೆ. ಹಲ್ಲಿನಲ್ಲಿ ಏನೂ ಇರುವುದಿಲ್ಲ, ನರದ ನೋವು ಅದು. ಎಕ್ಸ್‌ರೇ ತೆಗೆಸದೆ ಹಲ್ಲು ಕೀಳಿಸಿಕೊಳ್ಳಬೇಡಿ.

ಜ್ವರದ ವಿಷಯದಲ್ಲಿ ಮಾತ್ರ ಕಾಯುವ ಮಾತೇ ಇಲ್ಲ. ಕೀಮೋ ನಡೆಯುವಾಗ ಮೈಬಿಸಿ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟಿದರೆ ನಡುರಾತ್ರಿಯಾದರೂ ಆಸ್ಪತ್ರೆಗೆ ಫೋನ್ ಮಾಡಿ. ಮೊದಲು ಪ್ಯಾರಸಿಟಮಾಲ್ ನುಂಗಿ ನೋಡೋಣ ಎಂದರೆ ಜ್ವರ ಮರೆಯಾಗುತ್ತದೆ, ಸೋಂಕು ಹಾಗೇ ಇರುತ್ತದೆ. ವಸಡಿನಿಂದ ರಕ್ತ ಬಂದರೆ ಗಾಜ್ ಬಟ್ಟೆ ಮಡಿಸಿಟ್ಟು ಬಿಡದೆ ಒತ್ತಿ ಹಿಡಿಯಿರಿ, ಅರ್ಧ ಗಂಟೆಗೂ ನಿಲ್ಲದಿದ್ದರೆ ಆಸ್ಪತ್ರೆ. ನಡುವೆ ಹಲ್ಲಿನ ಕೆಲಸ ಅನಿವಾರ್ಯವಾದರೆ ಅದೇ ದಿನದ ಅಥವಾ ಹಿಂದಿನ ದಿನದ ರಕ್ತಪರೀಕ್ಷೆ ನೋಡಿಯೇ ಮಾಡಬೇಕು. ಪ್ಲೇಟ್‌ಲೆಟ್ 50,000ಕ್ಕಿಂತ, ಸೋಂಕನ್ನು ಎದುರಿಸುವ ಬಿಳಿಕಣವಾದ ನ್ಯೂಟ್ರೋಫಿಲ್ 1,000ಕ್ಕಿಂತ ಕೆಳಗಿದ್ದಾಗ ಹಲ್ಲು ಕೀಳುವಂಥ ಕೆಲಸ ಮುಂದಕ್ಕೆ ಹೋಗುತ್ತದೆ.

ಜೊಲ್ಲು ಬತ್ತಿದ ಮೇಲೆ

ಹಲ್ಲನ್ನು ಕಾಯುತ್ತಿದ್ದದ್ದು ಬ್ರಷ್ಷಿಗಿಂತ ಹೆಚ್ಚಾಗಿ ಜೊಲ್ಲು. ಅದು ಆಮ್ಲವನ್ನು ತೊಳೆಯುತ್ತದೆ, ಕ್ಯಾಲ್ಸಿಯಂ ಕೊಟ್ಟು ಎನಾಮಲನ್ನು ರಿಪೇರಿ ಮಾಡುತ್ತಿರುತ್ತದೆ. ರೇಡಿಯೇಶನ್ ಬಿದ್ದ ಗ್ರಂಥಿಗಳಲ್ಲಿ ಮೊದಲ ಒಂದೆರಡು ವಾರದಲ್ಲೇ ಜೊಲ್ಲು ಇಳಿದು, ಉಳಿದದ್ದು ಅಂಟಂಟಾಗುತ್ತದೆ. ಆಗ ಬರುವ ಹುಳುಕು ನಾವು ಕಂಡ ಹುಳುಕಿನಂತಲ್ಲ. ವಸಡಿಗೆ ತಾಗಿದ ಹಲ್ಲಿನ ಬುಡದಲ್ಲಿ ಸುತ್ತಲೂ ಕಂದುಗೆರೆ ಮೂಡುತ್ತದೆ, ಎಷ್ಟೋ ಸಲ ನೋವೇ ಇರುವುದಿಲ್ಲ, ಮೂರು ತಿಂಗಳಲ್ಲೇ ಕಾಣಿಸಿಕೊಳ್ಳಬಹುದು. ಬಿಟ್ಟರೆ ಹಲ್ಲು ಬುಡದಲ್ಲೇ ಮುರಿದು ಬೀಳುತ್ತದೆ.

ಇದಕ್ಕೆ ತಡೆ ಫ್ಲೋರೈಡ್. 1.1 ಶೇಕಡಾ ಸೋಡಿಯಂ ಫ್ಲೋರೈಡ್ ಜೆಲ್, ಅದರಲ್ಲೂ ಆಮ್ಲವಿಲ್ಲದ ನ್ಯೂಟ್ರಲ್ ಬಗೆಯದು, ಡಾಕ್ಟರ ಚೀಟಿಯ ಮೇಲೆ ತನ್ನಿ. ಆಮ್ಲೀಯ ಜೆಲ್ ಹುಣ್ಣಾದ ಬಾಯಿಯನ್ನು ಸುಡುತ್ತದೆ. ರಾತ್ರಿ ಹಲ್ಲುಜ್ಜಿದ ಮೇಲೆ ಟ್ರೇಯೊಳಗೆ ಜೆಲ್ಲನ್ನು ತೆಳ್ಳಗೆ ಸವರಿ, 5ರಿಂದ 10 ನಿಮಿಷ ಹಾಕಿಕೊಂಡು, ತೆಗೆದು, ಉಳಿದದ್ದನ್ನು ಚೆನ್ನಾಗಿ ಉಗಿದುಬಿಡಿ. ನೀರಿನಲ್ಲಿ ಮುಕ್ಕಳಿಸಬೇಡಿ, ಅರ್ಧ ಗಂಟೆ ಏನನ್ನೂ ತಿನ್ನಬೇಡಿ, ಕುಡಿಯಬೇಡಿ. ಟ್ರೇ ಅಂಚಿನಿಂದ ಜೆಲ್ ತುಳುಕುತ್ತಿದ್ದರೆ ಹಾಕಿದ್ದು ಹೆಚ್ಚಾಯಿತು ಎಂದರ್ಥ. ಟ್ರೇ ಹಿಡಿಸದವರಿಗೆ ಫ್ಲೋರೈಡ್ ಹೆಚ್ಚಿರುವ 5,000 ಪಿಪಿಎಂ ಪೇಸ್ಟ್ ಇದೆ. ಬೇಸರ ತರುವ ಮಾತೆಂದರೆ, ಜೊಲ್ಲು ಮರಳದಿದ್ದರೆ ಇದು ಬದುಕಿಡೀ ನಡೆಯಬೇಕಾದ ಕೆಲಸ. ಒಂದು ವರ್ಷ ನಿಷ್ಠೆಯಿಂದ ಮಾಡಿ ಬಿಟ್ಟವರ ಹಲ್ಲು ಎರಡನೇ ವರ್ಷದಲ್ಲಿ ಹೋಗಬಹುದು.

ನೀರನ್ನು ಗುಟುಕು ಗುಟುಕಾಗಿ ಕುಡಿಯುತ್ತಿರಿ. ಸಕ್ಕರೆಯಿಲ್ಲದ ಝೈಲಿಟಾಲ್ ಗಮ್ ಅಗಿದರೆ ಉಳಿದ ಗ್ರಂಥಿಗಳು ಎಚ್ಚೆತ್ತುಕೊಳ್ಳುತ್ತವೆ. ಜೊಲ್ಲು ಬರಲೆಂದು ಹುಳಿ ಮಿಠಾಯಿ ಚೀಪುವುದು ಮಾತ್ರ ಹಲ್ಲಿಗೆ ಎರಡು ಕಡೆಯಿಂದ ಪೆಟ್ಟು. ಗಂಟೆಗೊಮ್ಮೆ ಗುಟುಕರಿಸುವ ಸಿಹಿಯಾದ ಪೌಷ್ಟಿಕ ಪಾನೀಯ, ಸಕ್ಕರೆಪಾಕದ ಔಷಧಗಳೂ ಹಾಗೆಯೇ. ತೂಕ ಇಳಿಯುತ್ತಿರುವವರಿಗೆ ಪಾನೀಯ ಬಿಡಿ ಎನ್ನಲಾಗದು, ಕುಡಿದ ಮೇಲೆ ಮುಕ್ಕಳಿಸಿ. ಜೊಲ್ಲು ಹೆಚ್ಚಿಸುವ ಪೈಲೋಕಾರ್ಪಿನ್ ಮಾತ್ರೆ ಕೆಲವರಿಗೆ ನೆರವಾಗುತ್ತದೆ. ಹತೋಟಿಗೆ ಬಾರದ ಅಸ್ತಮಾ, ಕೆಲವು ಬಗೆಯ ಗ್ಲಾಕೋಮಾ ಇದ್ದವರಿಗೆ ಕೊಡುವುದಿಲ್ಲ.

ದವಡೆ ಬಿಗಿಯದಂತೆ

ಅಗಿಯುವ ಸ್ನಾಯುಗಳ ಮೇಲೆ ರೇಡಿಯೇಶನ್ ಬಿದ್ದರೆ ಅವು ನಾರಾಗಿ ಗಟ್ಟಿಯಾಗುತ್ತ ಬರುತ್ತವೆ. ಚಿಕಿತ್ಸೆ ಮುಗಿದು ತಿಂಗಳುಗಳು ಕಳೆದು, ಎಲ್ಲ ಸರಿಯಾಯಿತು ಎನ್ನುವಾಗ ಬಾಯಿ ತೆರೆಯುವುದು ಕುಗ್ಗುತ್ತದೆ. ಮೇಲಿನ, ಕೆಳಗಿನ ಮುಂದಿನ ಹಲ್ಲುಗಳ ಅಂಚಿನ ನಡುವೆ 35 ಮಿಲಿಮೀಟರಿಗಿಂತ ಕಡಿಮೆ ತೆರೆದರೆ ಅದನ್ನು ಬಿಗಿತ ಎನ್ನುತ್ತಾರೆ. ಅಳತೆಪಟ್ಟಿ ಇಲ್ಲದಿದ್ದರೆ ನಿಮ್ಮದೇ ಮೂರು ಬೆರಳು ನಿಲ್ಲಿಸಿ ಒಳಗೆ ಹೋಗುತ್ತವೆಯೇ ನೋಡಿ. ಮೊದಲೇ ಬರೆದಿಟ್ಟ ಅಳತೆ ಈಗ ಬೇಕಾಗುತ್ತದೆ. ವಾರಕ್ಕೊಮ್ಮೆ ಅಳೆದು ಅದರ ಪಕ್ಕದಲ್ಲೇ ಬರೆಯಿರಿ. ಎರಡು ಮೂರು ಮಿಲಿಮೀಟರ್ ಕುಗ್ಗಿದ್ದು ಕಣ್ಣಿಗೆ ಕಾಣದು, ಕಾಗದದ ಮೇಲೆ ಕಾಣುತ್ತದೆ.

ವ್ಯಾಯಾಮ ರೇಡಿಯೇಶನ್ನಿನ ಮೊದಲ ದಿನವೇ ಶುರುವಾಗಲಿ. ನೋವಾಗದಷ್ಟು ಅಗಲಕ್ಕೆ ತೆರೆದು ಮುಚ್ಚುವುದು 20 ಸಲ, ದಿನಕ್ಕೆ ಮೂರು ಹೊತ್ತು. ದವಡೆಯನ್ನು ಎಡಕ್ಕೆ, ಬಲಕ್ಕೆ, ಮುಂದಕ್ಕೆ ಸರಿಸುವುದನ್ನೂ ಸೇರಿಸಿ. ಬಿಗಿತ ಶುರುವಾಗಿದ್ದರೆ ಗಂಟಲು ನೋಡಲು ಡಾಕ್ಟರು ಬಳಸುವ ಚಪ್ಪಟೆ ಮರದ ಕಡ್ಡಿಗಳನ್ನು ತನ್ನಿ. ಹಿಡಿಯುವಷ್ಟು ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ಇಟ್ಟು ಅರ್ಧ ನಿಮಿಷ ಹಿಡಿಯಿರಿ, ಬಿಡಿ. ಹೀಗೆ 5 ಸಲ, ದಿನಕ್ಕೆ 5 ಹೊತ್ತು. ಸಲೀಸಾದಾಗ ನಡುವೆ ಇನ್ನೊಂದು ಕಡ್ಡಿ ತೂರಿಸಿ. ಮುಂಚೆ ದವಡೆಗೆ ಬಿಸಿ ಒದ್ದೆಬಟ್ಟೆ ಇಟ್ಟರೆ ಹಿತವಾಗುತ್ತದೆ, ಆದರೆ ಚರ್ಮ ಸುಟ್ಟಂತಾಗಿರುವಾಗ ಬೇಡ. ಎಳೆದ ಅನುಭವ ಬೇಕು, ಚುಚ್ಚುವ ನೋವು ಬಂದರೆ ಒಂದು ಕಡ್ಡಿ ಕಡಿಮೆ ಮಾಡಿ. ಮುಂದಿನ ಹಲ್ಲು ಸಡಿಲವಾಗಿದ್ದರೆ, ದವಡೆಗೆ ಈಗಷ್ಟೇ ಆಪರೇಶನ್ ಆಗಿದ್ದರೆ ಕೇಳದೆ ಕಡ್ಡಿ ಇಡಬಾರದು. ಚೆನ್ನಾಗಿ ತೆರೆಯುತ್ತಿದ್ದ ಬಾಯಿ ಇದ್ದಕ್ಕಿದ್ದಂತೆ ಕುಗ್ಗಿದರೆ ಅದು ಬರೀ ಬಿಗಿತವೆಂದು ವ್ಯಾಯಾಮ ಹೆಚ್ಚಿಸಬೇಡಿ. ಸೋಂಕು ಇರಬಹುದು, ಕ್ಯಾನ್ಸರೇ ಮರಳಿರಬಹುದು, ತೋರಿಸಲೇಬೇಕು.

ಮೂಳೆಯ ಅಪಾಯ

ರೇಡಿಯೇಶನ್ ಬಿದ್ದ ಮೂಳೆಯಲ್ಲಿ ರಕ್ತನಾಳಗಳು ಕ್ಷೀಣಿಸಿರುತ್ತವೆ. ರಕ್ತದ ಹರಿವು ಮೊದಲೇ ಕಡಿಮೆ ಇರುವ ಕೆಳದವಡೆಗೆ ಅಪಾಯ ಹೆಚ್ಚು, ರೇಡಿಯೇಶನ್ 60 ಗ್ರೇ (ರೇಡಿಯೇಶನ್ ಅಳೆಯುವ ಮಾನ) ದಾಟಿದಲ್ಲಿ ಇನ್ನೂ ಹೆಚ್ಚು. ವರ್ಷಗಳು ಕಳೆದರೂ ಈ ಅಪಾಯ ಹೋಗುವುದಿಲ್ಲ. ಹತ್ತು ವರ್ಷದ ಮೇಲೆ ಬೇರೊಬ್ಬ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಕೂತಾಗಲೂ ಅದನ್ನು ಹೇಳಬೇಕು. ಅಲ್ಲಿ ಹಲ್ಲು ಕೆಟ್ಟರೆ ಕೀಳುವ ಬದಲು ರೂಟ್ ಕೆನಾಲ್ ಮಾಡಿ, ಮೇಲಿನ ಭಾಗವನ್ನು ಕತ್ತರಿಸಿ ಬೇರನ್ನು ಅಲ್ಲೇ ಬಿಡುವುದೂ ಉಂಟು. ಕೀಳಲೇಬೇಕಾದರೆ ಇಂಥ ರೋಗಿಗಳನ್ನು ನೋಡಿ ಅನುಭವವಿರುವ ಆಸ್ಪತ್ರೆಯಲ್ಲೇ ಆಗಲಿ.

ಮೂಳೆಯ ಇಂಜೆಕ್ಷನ್ನಿನಲ್ಲಿ ಕಾರಣ ಬೇರೆ, ಫಲ ಅದೇ. ಮೂಳೆ ತನ್ನನ್ನು ತಾನು ಹೊಸದು ಮಾಡಿಕೊಳ್ಳುವುದನ್ನೇ ಔಷಧ ತಡೆಯುತ್ತದೆ. ಝೋಲೆಡ್ರೋನಿಕ್ ಆಸಿಡ್ ಮೂಳೆಯಲ್ಲಿ ವರ್ಷಗಟ್ಟಲೆ ಕೂರುತ್ತದೆ, ಡೆನೊಸುಮ್ಯಾಬ್ ಕೆಲವು ತಿಂಗಳಲ್ಲಿ ಇಳಿಯುತ್ತದೆ. ಹಾಗೆಂದು ಹಲ್ಲಿಗಾಗಿ ಇಂಜೆಕ್ಷನ್ನನ್ನು ನೀವೇ ನಿಲ್ಲಿಸಬೇಡಿ. ಸ್ಕೇಲಿಂಗ್, ಫಿಲ್ಲಿಂಗ್, ರೂಟ್ ಕೆನಾಲ್ ಈ ಔಷಧದ ನಡುವೆಯೂ ಮಾಡಿಸಬಹುದು. ಅಳತೆ ತಪ್ಪಿ ವಸಡಿಗೆ ಉಜ್ಜುವ ಹಲ್ಲಿನ ಸೆಟ್ ಕೂಡ ಮೂಳೆ ತೆರೆದುಕೊಳ್ಳಲು ಸಾಕು, ಸರಿಮಾಡಿಸಿ.

ತಿಂಗಳಿಗೊಮ್ಮೆ ಟಾರ್ಚ್ ಹಿಡಿದು, ನಾಲಗೆಯನ್ನು ಪಕ್ಕಕ್ಕೆ ಸರಿಸಿ, ಕೆಳದವಡೆಯ ಒಳಮೈ ನೋಡಿ. ವಸಡಿನ ನಡುವೆ ಹಳದಿ ಬಿಳಿಯಾಗಿ ಗಟ್ಟಿಯಾದದ್ದು ನಾಲಗೆಗೆ ಒರಟಾಗಿ ತಾಗಿದರೆ, ಕೀವು ಬಂದರೆ, ಕೆಳತುಟಿ ಅಥವಾ ಗಲ್ಲ ಜೋಮು ಹಿಡಿದರೆ, ಹಲ್ಲು ಸುಮ್ಮನೆ ಸಡಿಲವಾದರೆ ಅದೇ ವಾರ ಡಾಕ್ಟರಿಗೆ ತೋರಿಸಿ. ಹಾಗೆ ಹೊರಗೆ ಕಾಣುವ ಮೂಳೆಯ ಚೂರನ್ನು ಉಗುರಿನಿಂದ ಕೆದಕಿ ತೆಗೆಯಲು ಹೋಗಬೇಡಿ. ಹೋಗುವಾಗ ರೇಡಿಯೇಶನ್ ಮುಗಿದ ತಾರೀಕು, ಒಟ್ಟು ಎಷ್ಟು ಗ್ರೇ, ಯಾವ ಪಕ್ಕಕ್ಕೆ, ಇಂಜೆಕ್ಷನ್ನಿನ ಹೆಸರು, ಕೊನೆಯದಾಗಿ ತಗೊಂಡ ದಿನ, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಕೈಯಲ್ಲಿಟ್ಟುಕೊಳ್ಳಿ.